ಮಾತು ಕೇಳದ ಫ್ಯಾನು

ಕಿಕಿಂಡಾ, ಜನವರಿ 28

ಮಾನ್ಯ ತಿಹೊಮಿರ್ ಅವರಿಗೆ,

ನಿಮ್ಮ ಪರಿಚಯ ನನಗಿಲ್ಲ. ಕಂಪ್ಯೂಟರಿಗೆ ಕರೆಂಟು ಒದಗಿಸುವ ಪವರ್ ಸಪ್ಲೈ ಒಳಗಿರುವ ಫ್ಯಾನನ್ನು ಹತೋಟಿಯಲ್ಲಿಡಲು ಒಂದು ಪ್ರೋಗ್ರಾಂ ಬರೆದು, ಕಾಸು ಕೇಳದೆ ಊರಿಗೆಲ್ಲ ಹಂಚಿದ ಪುಣ್ಯಾತ್ಮ ನೀವು ಎಂಬುದಷ್ಟೇ ಗೊತ್ತು. ಅದರ ಕೊನೆಯಲ್ಲಿ ನಿಮ್ಮ ಇಮೇಲ್ ವಿಳಾಸವಿತ್ತು. ವಿಳಾಸದ ಕೆಳಗೆ ‘ದಯವಿಟ್ಟು ಚಿಕ್ಕದಾಗಿ ಬರೆಯಿರಿ’ ಎಂಬ ಸೂಚನೆಯೂ ಇತ್ತು. ಅದೊಂದನ್ನು ಪಾಲಿಸಲಾರೆ, ಕ್ಷಮಿಸಿ. ನಾನು ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದವಳು.

ನನ್ನ ಗಂಟಲಲ್ಲಿ ಗಡ್ಡೆ ಇದೆ. ಮಾರ್ಚ್ ಹತ್ತಕ್ಕೆ ಬೆಲ್‌ಗ್ರೇಡಿನಲ್ಲಿ ಆಪರೇಷನ್. ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರೆ, ಆಮೇಲೆ ನನಗೆ ದನಿ ಇರುವುದಿಲ್ಲ. ನೋವಿ ಸಾದ್‌ನಲ್ಲಿ ಒಂದು ತಂಡವಿದೆ. ನಾನು ಕೆಲವು ನೂರು ವಾಕ್ಯಗಳನ್ನು ಓದಿ ರೆಕಾರ್ಡ್ ಮಾಡಿ ಕಳಿಸಿದರೆ, ನಾನು ಟೈಪ್ ಮಾಡಿದ್ದನ್ನು ನನ್ನದೇ ದನಿಯಲ್ಲಿ ಹೇಳುವಂಥ ಯಂತ್ರಧ್ವನಿಯನ್ನು ಅವರು ಮಾಡಿಕೊಡುತ್ತಾರೆ. ಮೊದಲ ಕಂತು ಕಳಿಸಿದೆ. ಅವರು ಹಿಂದಿರುಗಿಸಿ, ‘ಅಮ್ಮಾ, ನಿಮ್ಮ ಬೆನ್ನ ಹಿಂದೆ ಯಾರೋ ಹಿಟ್ಟಿನ ಗಿರಣಿ ನಡೆಸುತ್ತಿದ್ದಾರೆ’ ಎಂದು ಬರೆದರು.

ಗಿರಣಿ ಎಂದರೆ ಆ ಫ್ಯಾನು. ನನ್ನ ತಮ್ಮ ಮದುವೆ ವಿಡಿಯೊ ಮಾಡುತ್ತಿದ್ದ ಕಾಲದಲ್ಲಿ ಕೊಂಡ ದೊಡ್ಡ ಕಂಪ್ಯೂಟರ್ ಇದು. ಮೈಕಿಗೆ ದೂರವಿರಲಿ ಎಂದು ಪೆಟ್ಟಿಗೆಯನ್ನು ನನ್ನ ಕುರ್ಚಿಯ ಹಿಂದೆ ಮಣೆಯ ಮೇಲಿಟ್ಟಿದ್ದೇನೆ. ತಂತಿಗಳು ಮೇಜಿಗೆ ಎಟುಕಬೇಕಲ್ಲ, ಹಾಗಾಗಿ ಅದರ ಹಿಂಬದಿ ನನ್ನ ಬೆನ್ನಿನ ಕಡೆಗಿದೆ. ನಿಮ್ಮ ಪ್ರೋಗ್ರಾಮಿನಲ್ಲಿ ಫ್ಯಾನನ್ನು ನೂರಕ್ಕೆ ಮೂವತ್ತರಲ್ಲಿಟ್ಟು ಸುಮ್ಮನೆ ಕುಳಿತರೆ ಬೆಕ್ಕು ಮಲಗಿದಷ್ಟೂ ಸದ್ದಿಲ್ಲ. ಓದಲು ಶುರುಮಾಡಿದರೆ ಕಾಲು ಗಂಟೆಯಲ್ಲಿ ಕೂಗತೊಡಗುತ್ತದೆ. ಆಗಲೂ ನಿಮ್ಮ ಪರದೆಯ ಮೇಲೆ ಮೂವತ್ತೇ ಇರುತ್ತದೆ. ಅಂದರೆ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ.

ಪ್ರೋಗ್ರಾಂ ತೆಗೆದು ಮತ್ತೆ ಹಾಕಿದೆ. ಪವರ್ ಸಪ್ಲೈಗೆ ಹೋಗುವ ಯುಎಸ್‌ಬಿ ತಂತಿ ಬದಲಾಯಿಸಿದೆ. ಬೇರೆ ಕಂಪ್ಯೂಟರ್ ತನ್ನಿ ಎನ್ನಬೇಡಿ, ಶಾಲೆಯಿಂದ ತಂದ ಲ್ಯಾಪ್‌ಟಾಪ್ ಜೇನುಗೂಡಿನಂತೆ ಗುಂಯ್‌ಗುಟ್ಟುತ್ತದೆ. ಕಿಟಕಿ ತೆರೆದು ಕೋಣೆ ತಂಪು ಮಾಡಿ ಎಂದೂ ಹೇಳಬೇಡಿ. ಮನೆಯಲ್ಲಿ ಅಮ್ಮ ಇದ್ದಾಳೆ. ಎಂಬತ್ತನಾಲ್ಕರ ಪೆರ್ಸಿದಾ. ಅಡ್ಡಗಾಳಿ ತಗುಲಿ ಸತ್ತವರ ಪಟ್ಟಿಯನ್ನು ಅವಳು ಹೆಸರು ಹಿಡಿದು ಒಪ್ಪಿಸಬಲ್ಲಳು. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ.

ದಯವಿಟ್ಟು ಫೋನ್ ಮಾಡಬೇಡಿ. ಉಳಿದಿರುವ ದನಿ ದಿನದಿನಕ್ಕೆ ಸವೆಯುತ್ತಿದೆ. ಅದನ್ನು ಆ ವಾಕ್ಯಗಳಿಗೆಂದು ಎತ್ತಿಟ್ಟಿದ್ದೇನೆ.

ಗೌರವದಿಂದ,
ಜೋರ್ಕಾ ಮಿರ್ಕೊವ್


ನಿಶ್, ಜನವರಿ 30

ಮಾನ್ಯ ಟೀಚರ್,

ಆ ಸೂಚನೆ ಬೇರೆಯವರಿಗೆ. ನೀವು ಎಷ್ಟುದ್ದ ಬೇಕಾದರೂ ಬರೆಯಿರಿ. ಜನ ನನಗೆ ‘ಕೆಲಸ ಮಾಡ್ತಿಲ್ಲ, ಸರಿ ಮಾಡು’ ಎಂಬ ಎರಡು ಮಾತಿಗಿಂತ ಹೆಚ್ಚು ಬರೆದದ್ದೇ ಇಲ್ಲ. ಯಾವಾಗ ಕೆಡುತ್ತದೆ, ಯಾವಾಗ ಕೆಡುವುದಿಲ್ಲ ಎಂದು ಎರಡನ್ನೂ ನೋಡಿ ಹೇಳಿದವರು ನೀವೊಬ್ಬರೇ. ನಾನು ಹಗಲು ನಗರದ ಬಿಸಿನೀರಿನ ಸ್ಥಾವರದಲ್ಲಿ ಪಂಪುಗಳ ಹಿಂದೆ ಓಡಾಡುವವನು. ಅಲ್ಲಿನ ಎಂಜಿನಿಯರುಗಳಿಗೆ ನಿಮ್ಮ ಪತ್ರ ಓದಿಸಬೇಕು ಅನ್ನಿಸಿತು.

ಈ ಪ್ರೋಗ್ರಾಂ ಬರೆದದ್ದು ಪುಣ್ಯಕ್ಕಲ್ಲ. ನನ್ನ ಹೆಂಡತಿ ನರ್ಸು, ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುತ್ತಾಳೆ. ನಮ್ಮದು ಒಂದೇ ಕೋಣೆ. ಕಂಪ್ಯೂಟರೋ ನಾನೋ ಎಂದು ಅವಳು ಕೇಳಿದಳು.

ನನ್ನ ಅನುಮಾನ ಇದು. ನಿಮ್ಮ ತಮ್ಮ ಹಾಕಿಸಿದ ಹಳೆಯ ಪ್ರೋಗ್ರಾಂ ಒಂದು ಅದೇ ಫ್ಯಾನಿಗೆ ಕದ್ದು ಅಪ್ಪಣೆ ಕೊಡುತ್ತಿರಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ. ಅದನ್ನು ಹುಡುಕಿ ಕಿತ್ತುಹಾಕುವ ಬಗೆ ಈ ಪತ್ರದ ಕೆಳಗೆ ಬರೆದಿದ್ದೇನೆ. ನಿಮ್ಮ ಬಾನಾತ್ ಸೀಮೆಯವರು ನಿಧಾನ ಎಂದು ನಮ್ಮ ಕಡೆ ಆಡಿಕೊಳ್ಳುತ್ತಾರೆ. ಈ ಕೆಲಸಕ್ಕೆ ನಿಧಾನವೇ ಒಳ್ಳೆಯದು.

ಮಾರ್ಚ್ ಹತ್ತರೊಳಗೆ ಇದನ್ನು ಸರಿಮಾಡುತ್ತೇವೆ.

ನಿಮ್ಮ,
ತಿಹೊಮಿರ್


ಕಿಕಿಂಡಾ, ಫೆಬ್ರವರಿ 7

ಪ್ರಿಯ ತಿಹೊಮಿರ್,

ನಿಧಾನವಾಗಿಯೇ ಮಾಡಿದೆ. ನಿಮ್ಮ ಕೋಣ ಸಿಕ್ಕಿತು. ತಮ್ಮನ ಹಳೆಯ ಪ್ರೋಗ್ರಾಂ ಒಂದು ಮೂಲೆಯಲ್ಲಿ ಅಡಗಿಕೊಂಡು ಕೆಲಸ ಮಾಡುತ್ತಲೇ ಇತ್ತು. ಕಿತ್ತುಹಾಕಿದೆ. ಪರೀಕ್ಷೆಗೆಂದು ಒಂದು ಗಂಟೆ ಕಂಪ್ಯೂಟರಿನ ಮುಂದೆ ಸುಮ್ಮನೆ ಕುಳಿತೆ, ಫ್ಯಾನು ಉಸಿರೆತ್ತಲಿಲ್ಲ. ಸಂತೋಷಕ್ಕೆ ನನಗೆ ನಾನೇ ಒಂದು ಲೋಟ ಪ್ಲಮ್ ಬ್ರಾಂದಿ ಬಗ್ಗಿಸಿಕೊಂಡೆ. ಡಾಕ್ಟರು ಬೇಡವೆಂದಿದ್ದಾರೆ, ಹಾಗಾಗಿ ಮೂಸಿ ನೋಡಿ ಅಮ್ಮನಿಗೆ ಕೊಟ್ಟೆ.

ಮಾರನೆಯ ಬೆಳಿಗ್ಗೆ ಓದಲು ಕುಳಿತೆ. ಕಾಲು ಗಂಟೆಗೆ ಅದೇ ಕೂಗು.

ಮೊದಲು ಪರದೆ ನೋಡುತ್ತೇನೆ, ಮೂವತ್ತು ಎಂದಿರುತ್ತದೆ. ಇಪ್ಪತ್ತಕ್ಕೆ ಇಳಿಸುತ್ತೇನೆ, ನಲವತ್ತಕ್ಕೆ ಏರಿಸುತ್ತೇನೆ, ಅದಕ್ಕೆ ಲೆಕ್ಕವಿಲ್ಲ. ಹೆಡ್‌ಫೋನ್ ತೆಗೆದು ಹಿಂದೆ ತಿರುಗುವ ಹೊತ್ತಿಗೆ ಅಮ್ಮ ಬಾಗಿಲ ಹತ್ತಿರ ನಿಂತಿರುತ್ತಾಳೆ, ಸದ್ದು ಕೇಳಿ ಬಂದವಳ ಹಾಗೆ. ಇವತ್ತಿಗೆ ಸಾಕು, ಗಂಟಲಿಗೆ ವಿಶ್ರಾಂತಿ ಕೊಡು ಎಂದು ಲಿಂಡನ್ ಹೂವಿನ ಚಹಾ ತರಲು ಹೋಗುತ್ತಾಳೆ. ಅಷ್ಟರಲ್ಲಿ ಫ್ಯಾನು ತಾನಾಗಿಯೇ ತಣ್ಣಗಾಗುತ್ತದೆ. ನಾನು ಓದುವುದೇ ಅದಕ್ಕೆ ಆಗಿಬರುವುದಿಲ್ಲವೇನೋ. ಎಂಟನೆಯ ತರಗತಿಯವರು ಹೀಗೆಯೇ ಮಾಡುತ್ತಿದ್ದರು.

ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿದೆ. ಆ ತಂಡದವರು ಕೊಟ್ಟ ವಾಕ್ಯಗಳು ‘ರೈಲು ನಾಳೆ ಬೆಳಿಗ್ಗೆ ಹೊರಡುತ್ತದೆ’ ಎಂಬಂಥವು. ಅವುಗಳ ಕೊನೆಗೆ ನನ್ನವೂ ಕೆಲವನ್ನು ಸೇರಿಸಿದ್ದೇನೆ. ‘ಮಗೂ, ನಕ್ಷೆಯನ್ನು ತಲೆಕೆಳಗೆ ಹಿಡಿದಿದ್ದೀಯ’ ಎಂಬುದು ಅದರಲ್ಲೊಂದು. ಹೋದ ವಾರ ಅದನ್ನು ಓದಿದಾಗ ನನ್ನ ದನಿಯೇ ಆಗಿತ್ತು. ಈ ವಾರ ಅದೇ ವಾಕ್ಯದ ಅಂಚು ಹರಿದಿದೆ. ಹೀಗೇ ಹೋದರೆ ಯಂತ್ರಕ್ಕೆ ಕೊಡಲು ನನ್ನಲ್ಲಿ ಏನೂ ಉಳಿಯುವುದಿಲ್ಲ.

ಜೋರ್ಕಾ


ನಿಶ್, ಫೆಬ್ರವರಿ 11

ಪ್ರಿಯ ಟೀಚರ್,

ನಿಮ್ಮಲ್ಲಿರುವಂಥದೇ ಪವರ್ ಸಪ್ಲೈ ಗೆಳೆಯನೊಬ್ಬನಿಂದ ಎರವಲು ತಂದೆ. ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಅದರ ಮುಂದೆ ಕುಳಿತು ಓದಿದೆ. ಪುಸ್ತಕ ಸಿಗಲಿಲ್ಲ, ಅಡುಗೆಮನೆಯ ಗೋಡೆಯಲ್ಲಿದ್ದ ಚರ್ಚಿನ ಕ್ಯಾಲೆಂಡರನ್ನೇ ಗಟ್ಟಿಯಾಗಿ ಓದಿದೆ. ಹೆಂಡತಿ ಎದ್ದು ಬಂದವಳು ಬಾಗಿಲಲ್ಲಿ ನಿಂತು ಕೇಳಿ, ನನಗೆ ಭಕ್ತಿ ಬಂತೆಂದು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಫ್ಯಾನು ಮಾತ್ರ ಒಮ್ಮೆಯೂ ಕೂಗಲಿಲ್ಲ.

ಆದರೆ ಆ ದಿನ ನನಗೊಂದು ವಿಷಯ ಹೊಳೆಯಿತು. ನೀವು ಮೊದಲ ಪತ್ರದಲ್ಲೇ ಹೇಳಿದಿರಿ, ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು. ಸುಳ್ಳು ಹೇಳುತ್ತಿರುವುದು ನನ್ನ ಪ್ರೋಗ್ರಾಂ. ನಾನು ಫ್ಯಾನಿಗೆ ಏನು ಹೇಳಿದೆನೋ ಅದನ್ನೇ ಪರದೆಯ ಮೇಲೆ ತೋರಿಸುತ್ತೇನೆ, ಅದು ನಿಜವಾಗಿ ಎಷ್ಟು ತಿರುಗುತ್ತಿದೆ ಎಂದು ಕೇಳುವುದೇ ಇಲ್ಲ. ಪವರ್ ಸಪ್ಲೈಗೆ ತನ್ನದೇ ಒಂದು ಪುಟ್ಟ ಮಿದುಳಿದೆ. ಮೈ ಬಿಸಿಯಾಯಿತೆಂದು ಕಂಡರೆ ಹೊರಗಿನ ಅಪ್ಪಣೆಯನ್ನು ಬದಿಗೆ ತಳ್ಳಿ, ಫ್ಯಾನನ್ನು ತಾನೇ ಕೈಗೆ ತೆಗೆದುಕೊಳ್ಳುತ್ತದೆ. ಕೇಳಿದರೆ ಮಾತ್ರ ‘ಆಗಲಿ, ಮೂವತ್ತು’ ಎಂದು ತಲೆಯಾಡಿಸುತ್ತದೆ. ನಮ್ಮ ಕಚೇರಿಯಲ್ಲೂ ಅಂಥ ಗುಮಾಸ್ತರಿದ್ದಾರೆ.

ಹಾಗಾದರೆ ನೀವು ಓದುವಾಗ ಮಾತ್ರ ಅದು ಬಿಸಿಯಾಗುವುದು ಏಕೆ? ಓದುವುದರಿಂದ ಕಂಪ್ಯೂಟರಿಗೆ ಕೆಲಸವೇ ಇಲ್ಲ. ನನಗೆ ಬಗೆಹರಿಯುತ್ತಿಲ್ಲ. ಹೊಸ ಪ್ರೋಗ್ರಾಂ ಕಳಿಸಿದ್ದೇನೆ. ಇದು ಕಾವು ಎಷ್ಟಿದೆ, ಫ್ಯಾನು ನಿಜವಾಗಿ ಎಷ್ಟು ತಿರುಗುತ್ತಿದೆ ಎಂಬ ಎರಡನ್ನೂ ತೋರಿಸುತ್ತದೆ. ಓದುವ ದಿನ ಮನೆಯಲ್ಲಿ ಏನೇನು ಬೇರೆಯಾಗಿರುತ್ತದೆ ಎಂದು ಸುತ್ತ ನೋಡಿ. ಒಲೆ, ದೀಪ, ಹವೆ, ಯಾವುದನ್ನೂ ಬಿಡಬೇಡಿ. ಇದರಲ್ಲಿ ನೀವು ನನಗಿಂತ ಜಾಣರು. ಮಳೆಯ ಮೋಡ ಎಲ್ಲಿಂದ ಬರುತ್ತದೆಂದು ಮಕ್ಕಳಿಗೆ ಹೇಳಿಕೊಟ್ಟವರು.

ಹೆದರಬೇಡಿ ಎಂದು ನಾನು ಹೇಳಲಾರೆ. ನಿಮ್ಮ ಜೊತೆ ಹುಡುಕುತ್ತಿದ್ದೇನೆ ಎಂದಷ್ಟೇ ಹೇಳಬಲ್ಲೆ.

ತಿಹೊಮಿರ್


ಕಿಕಿಂಡಾ, ಫೆಬ್ರವರಿ 23

ಪ್ರೀತಿಯ ತಿಹೊಮಿರ್,

ಸಿಕ್ಕಿತು. ಕುಳಿತುಕೊಂಡು ಓದಿ.

ನಿಮ್ಮ ಹೊಸ ಪ್ರೋಗ್ರಾಂ ಬಂಗಾರದಂಥದು. ಓದುತ್ತಾ ಹೋದಂತೆ ಕಾವು ಮೆಟ್ಟಿಲು ಹತ್ತುವುದು ಕಣ್ಣಿಗೇ ಕಾಣುತ್ತಿತ್ತು. ನಿಲ್ಲಿಸಿದರೆ ಇಳಿಯುತ್ತಿತ್ತು. ಒಲೆ ಆರಿಸಿ ನೋಡಿದೆ, ದೀಪ ಬದಲಿಸಿದೆ, ಮಣೆ ತೆಗೆದು ಇಟ್ಟಿಗೆ ಇಟ್ಟೆ. ಯಾವುದರಿಂದಲೂ ವ್ಯತ್ಯಾಸವಾಗಲಿಲ್ಲ. ನಿನ್ನೆ ಶನಿವಾರ ಸತ್ತವರ ದಿನವಲ್ಲವೇ. ಅಮ್ಮ ಬೇಯಿಸಿದ ಗೋಧಿ, ಮೇಣದ ಬತ್ತಿ, ಅಪ್ಪನಿಗೆ ಇಷ್ಟವಾಗಿದ್ದ ಸೇಬಿನ ಕಡುಬು ಎಲ್ಲವನ್ನೂ ಬುಟ್ಟಿಗೆ ತುಂಬಿಕೊಂಡು ಪಕ್ಕದ ಮನೆಯವರ ಕಾರಿನಲ್ಲಿ ಸ್ಮಶಾನಕ್ಕೆ ಹೋದಳು. ಚಳಿಗೆ ನನ್ನನ್ನು ಕರೆದೊಯ್ಯಲಿಲ್ಲ. ಮನೆಯಲ್ಲಿ ಒಬ್ಬಳೇ ಕುಳಿತು ಓದಿದೆ. ಬೆಳಗೆಲ್ಲ ಓದಿದರೂ ಕಾವು ಒಂದು ಗೆರೆ ಮೇಲೇರಲಿಲ್ಲ. ಆಗಲೇ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ, ಖುಷಿಯಲ್ಲಿ ಮೈಮರೆತಿದ್ದೆ.

ಇವತ್ತು ಚರ್ಚಿನಿಂದ ಬಂದ ಮೇಲೆ ಮತ್ತೆ ಕುಳಿತೆ. ಕಾವು ಏರತೊಡಗಿತು. ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ ಎಂದು ಯೋಚಿಸುತ್ತಲೇ ಓದಿದೆ. ಮನೆಯಲ್ಲಿ ಇವತ್ತು ಅಮ್ಮ ಇದ್ದಾಳೆ, ಅಷ್ಟೇ. ಓದುವುದನ್ನು ನಿಲ್ಲಿಸದೆ, ಬಾಯಲ್ಲಿ ‘ರೈಲು ನಾಳೆ ಬೆಳಿಗ್ಗೆ’ ಎನ್ನುತ್ತಲೇ, ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದೆ.

ಅಮ್ಮ ನನ್ನ ಬೆನ್ನ ಹಿಂದೆಯೇ ಕುಳಿತಿದ್ದಳು. ಮೂರು ಕಾಲಿನ ಗಿಡ್ಡ ಸ್ಟೂಲಿನ ಮೇಲೆ, ಕುರಿತುಪ್ಪಳದ ದಪ್ಪ ಅಂಗಿ ತೊಟ್ಟು, ಕಂಪ್ಯೂಟರಿನ ಹಿಂಬದಿಗೆ ಬೆನ್ನನ್ನು ಒತ್ತಿ ಹಿಡಿದು. ಗಾಳಿ ಹೊರಬರುವ ಜಾಲರಿ ಪೂರ್ತಿ ಮುಚ್ಚಿಹೋಗಿತ್ತು. ಸದ್ದಾಗದಿರಲೆಂದು ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು, ಬರೀ ಕಾಲುಚೀಲದಲ್ಲಿ ಬಂದಿದ್ದಳು. ನಾನು ನೋಡಿದ್ದು ಕಂಡು ಗಾಬರಿಯಾಗಲಿಲ್ಲ. ತುಟಿಯ ಮೇಲೆ ಬೆರಳಿಟ್ಟು, ನೀನು ಓದು ಓದು ಎಂದು ಕೈಸನ್ನೆ ಮಾಡಿದಳು.

ಹೆಡ್‌ಫೋನ್ ತೆಗೆದೆ. ಏನಮ್ಮಾ ಇದು ಎಂದೆ.

“ಇನ್ನೇನು ಮಾಡ್ಲಿ? ಆ ಪೆಟ್ಟಿಗೆಯಿಂದ ನೆಟ್ಟಗೆ ನಿನ್ನ ಕುತ್ತಿಗೆಗೆ ಗಾಳಿ ಬೀಸ್ತಾ ಇದೆ. ಇರೋ ಗಂಟಲಿಗೇ ಇಷ್ಟು ಕಷ್ಟ. ಅಡ್ಡಗಾಳಿನೂ ಬಡಿದ್ರೆ ಏನು ಉಳಿಯುತ್ತೆ ನಿಂಗೆ?”

ಅದು ಬಿಸಿಗಾಳಿ ಎಂದೆ. ಬಿಸಿಗಾಳಿಯೇ ಇನ್ನೂ ಮೋಸ, ಬೆವರು ತರಿಸಿ ಆಮೇಲೆ ಚಳಿ ಹೊಡೆಸುತ್ತದೆ ಎಂದಳು. ಎಷ್ಟು ದಿನದಿಂದ ಹೀಗೆ ಕೂರುತ್ತಿದ್ದೀಯ ಎಂದು ಕೇಳಿದೆ. ಮೊದಲನೆಯ ದಿನದಿಂದಲೇ ಅಂತೆ. ನಾನು ಸುಮ್ಮನೆ ಕುಳಿತಾಗ ಬಾಯಿ ಮುಚ್ಚಿರುತ್ತದೆ, ಗಾಳಿ ಗಂಟಲಿಗೆ ಹೋಗುವುದಿಲ್ಲ. ಓದುವಾಗ ಬಾಯಿ ತೆರೆದಿರುತ್ತದಲ್ಲ, ಆಗ ಮಾತ್ರ ಕಾವಲು ಬೇಕು. ಫ್ಯಾನು ಕೂಗಿದರೆ ಗಾಳಿ ಜೋರಾಯಿತೆಂದು ಇನ್ನೂ ಗಟ್ಟಿಯಾಗಿ ಒತ್ತಿಕೊಳ್ಳುವಳು. ನಾನು ಓದು ನಿಲ್ಲಿಸಿದ ಕೂಡಲೇ ಎದ್ದು ಬಾಗಿಲಿಗೆ ಹೋಗುವಳು.

ತಿಹೊಮಿರ್, ನೀವೂ ನಾನೂ ಇಡೀ ತಿಂಗಳು ಹುಡುಕಿದ ಕೋಣ ಇದು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ನಂತರ ವಿವರಿಸಿದೆ. ಅಮ್ಮಾ, ನೀನು ಮುಚ್ಚಿದ್ದಕ್ಕೇ ಅದು ಬಿಸಿಯಾಗಿ ಕೂಗುತ್ತಿತ್ತು, ಆ ಕೂಗಿಗೇ ಅವರು ನನ್ನ ದನಿಯನ್ನು ಬೇಡವೆಂದರು ಎಂದೆ. ಹೇಳಬಾರದಿತ್ತು. ಮುಖ ಸಣ್ಣದಾಯಿತು. ಅಂಗಿ ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. ನಾನು ಅವಳ ಮುಂದೆ ನೆಲದ ಮೇಲೆ ಕುಳಿತೆ. ಎಂಬತ್ತನಾಲ್ಕರಲ್ಲಿ ಕಾಲು ಮಡಿಸಲಾಗದ ಹೆಂಗಸು, ಕೆಮ್ಮು ಬಂದರೂ ತಡೆದುಕೊಂಡು, ಒಂದು ಸದ್ದೂ ರೆಕಾರ್ಡಿಗೆ ಬೀಳದಂತೆ ದಿನವೂ ನನ್ನ ಬೆನ್ನು ಕಾದಿದ್ದಾಳೆ. ನಿಮ್ಮ ಪ್ರೋಗ್ರಾಮಿಗಾಗಲಿ ನನ್ನ ಭೂಗೋಳಕ್ಕಾಗಲಿ ಅಷ್ಟು ತಾಳ್ಮೆ ಇಲ್ಲ.

ಕೊನೆಗೆ ಅವಳೇ ದಾರಿ ಹೇಳಿದಳು. “ಆ ಪೆಟ್ಟಿಗೆ ತಗೊಂಡ್ಹೋಗಿ ನನ್ನ ಕೋಣೇಲಿಡು. ದಾರ ಬಾಗಿಲ ಸಂದಿಯಲ್ಲಿ ಎಳ್ಕೋ. ಗಾಳಿ ನನಗೆ ಬಡೀಲಿ, ನಾನೇನು ಹಾಡೋಕೆ ಹೋಗ್ಬೇಕಾ?”

ದಾರ ಎಂದರೆ ತಂತಿ. ಉದ್ದದ ತಂತಿ ನಾಳೆ ತರುತ್ತೇನೆ. ಪೆಟ್ಟಿಗೆಯಿಂದ ಒಂದು ಮಾರು ದೂರ ಕೂರುವುದಾಗಿ ಅಮ್ಮನಿಂದ ಮಾತು ತೆಗೆದುಕೊಂಡಿದ್ದೇನೆ. ಇನ್ನು ಎರಡು ವಾರವಿದೆ.

ನಿಮ್ಮ ಜೋರ್ಕಾ


ನಿಶ್, ಫೆಬ್ರವರಿ 25

ಪ್ರೀತಿಯ ಟೀಚರ್,

ನಿಮ್ಮ ಪತ್ರವನ್ನು ಹೆಂಡತಿಗೆ ಗಟ್ಟಿಯಾಗಿ ಓದಿದೆ. ಬೆರಳು ತುಟಿಯ ಮೇಲಿಟ್ಟ ಜಾಗಕ್ಕೆ ಬಂದಾಗ ಪತ್ರವನ್ನು ಅವಳ ಕೈಗೆ ಕೊಟ್ಟೆ, ಉಳಿದದ್ದನ್ನು ಅವಳು ಓದಿದಳು. ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಹೆಂಗಸು, ವಿಜ್ಞಾನ ಬಲ್ಲವಳು. ಓದಿ ಮುಗಿಸಿ, ನಿಮ್ಮ ಅಮ್ಮ ಹೇಳಿದ್ದರಲ್ಲಿ ಸ್ವಲ್ಪ ನಿಜವಿದೆ, ಬಿಸಿಗಾಳಿ ಮೋಸವೇ ಎಂದಳು.

ನನ್ನ ಪ್ರೋಗ್ರಾಮಿಗೆ ಒಂದು ಮಾತು ಸೇರಿಸಿದ್ದೇನೆ. ಪವರ್ ಸಪ್ಲೈ ಬಿಸಿಯಾಗಿ ಫ್ಯಾನನ್ನು ತಾನೇ ಕೈಗೆ ತೆಗೆದುಕೊಂಡರೆ, ಇನ್ನು ಮುಂದೆ ಪರದೆಯ ಮೇಲೆ ಸುಳ್ಳು ಮೂವತ್ತು ಬರುವುದಿಲ್ಲ. ‘ಫ್ಯಾನು ಈಗ ನನ್ನ ಮಾತು ಕೇಳುತ್ತಿಲ್ಲ. ಎದ್ದು ಹೋಗಿ ಹಿಂದೆ ಯಾರಿದ್ದಾರೆ ನೋಡಿ’ ಎಂದು ಬರುತ್ತದೆ. ಇದನ್ನು ಬಳಸುವವರು ಬೇರೆ ಬೇರೆ ದೇಶದವರು. ‘ಏನಿದೆ’ ಎಂದಿರಬೇಕಲ್ಲವೇ ಎಂದು ಈಗಾಗಲೇ ಇಬ್ಬರು ಬರೆದು ಕೇಳಿದ್ದಾರೆ. ಇಲ್ಲ, ಸರಿಯಾಗಿಯೇ ಇದೆ ಎಂದು ಉತ್ತರಿಸಿದ್ದೇನೆ.

ನಿಮ್ಮ ಅಮ್ಮನಿಗೆ ನನ್ನ ಕೈಮುತ್ತು ತಲುಪಿಸಿ. ಓದಿ ಟೀಚರ್, ಈಗ ಓದಿ.

ತಿಹೊಮಿರ್


ಕಿಕಿಂಡಾ, ಮಾರ್ಚ್ 9

ಪ್ರೀತಿಯ ತಿಹೊಮಿರ್,

ಎಲ್ಲ ವಾಕ್ಯಗಳೂ ಮುಗಿದವು. ಹಿಂದೆ ಏನೂ ಕೇಳುತ್ತಿಲ್ಲ, ಚೆನ್ನಾಗಿದೆ ಎಂದು ನೋವಿ ಸಾದ್‌ನವರು ನಿನ್ನೆ ಬರೆದರು. ಕೊನೆಯ ಕೆಲವು ಸ್ವಲ್ಪ ಒರಟಾಗಿವೆ, ಇರಲಿ ಬಿಡಿ, ನಾನೂ ಒರಟೇ. ಇವತ್ತು ಮಧ್ಯಾಹ್ನದ ಬಸ್ಸಿಗೆ ಬೆಲ್‌ಗ್ರೇಡಿಗೆ ಹೊರಡುತ್ತೇವೆ. ತಮ್ಮ ಜೊತೆಗೆ ಬರುತ್ತಾನೆ.

ಊಟಕ್ಕೆ ಕುಳಿತಾಗ ಅಮ್ಮ, ಹೋಗುವುದರೊಳಗೆ ಏನಾದರೂ ಹೇಳು ಎಂದಳು. ಏನು ಹೇಳಲಿ ಎಂದೆ. ಏನಾದರೂ ಎಂದಳು. ನಾನು ಹೇಳಿದೆ. ಏನೆಂದು ನಿಮಗೂ ಬರೆಯುವುದಿಲ್ಲ.

ನಿಮ್ಮಂಥವನೊಬ್ಬ ನಿಶ್‌ನ ಒಂದು ಕೋಣೆಯಲ್ಲಿ ಕುಳಿತು, ಮುಖ ನೋಡದ ಮುದುಕಿಗಾಗಿ ಭಾನುವಾರವಿಡೀ ಕ್ಯಾಲೆಂಡರ್ ಓದಿದ. ಇದನ್ನು ಮರೆಯುವುದಿಲ್ಲ.

ಜೋರ್ಕಾ


ನಿಶ್, ಮಾರ್ಚ್ 28

ಪ್ರೀತಿಯ ಟೀಚರ್,

ಉತ್ತರಕ್ಕೆ ಅವಸರವಿಲ್ಲ. ಇಲ್ಲಿ ಪ್ಲಮ್ ಗಿಡಗಳು ಹೂ ಬಿಟ್ಟಿವೆ. ಹೆಂಡತಿ ದಿನವೂ ಕೇಳುತ್ತಾಳೆ, ಏನೂ ಬಂದಿಲ್ಲ ಎನ್ನುತ್ತೇನೆ.

ತಿಹೊಮಿರ್


ಕಿಕಿಂಡಾ, ಏಪ್ರಿಲ್ 28

ಪ್ರೀತಿಯ ತಿಹೊಮಿರ್,

ಬದುಕಿದ್ದೇನೆ. ಗಡ್ಡೆ ಪೂರ್ತಿ ಹೋಯಿತು ಎನ್ನುತ್ತಾರೆ. ನಿಮ್ಮ ಚಿಕ್ಕ ಪತ್ರವನ್ನು ಆಸ್ಪತ್ರೆಯಲ್ಲೇ ಓದಿದೆ. ಬರೆಯಲು ಕೈ ಏಳಲಿಲ್ಲ.

ಈಸ್ಟರಿಗೆ ಮುಂಚೆಯೇ ನೋವಿ ಸಾದ್‌ನವರು ನನ್ನ ದನಿಯನ್ನು ಕಳಿಸಿದ್ದರು. ಒಂದು ವಾರಕ್ಕೂ ಹೆಚ್ಚು ಅದನ್ನು ಮುಟ್ಟಲಿಲ್ಲ. ಒಮ್ಮೆ ಬಾಗಿಲು ಹಾಕಿಕೊಂಡು ಕೇಳಿದೆ, ಗುರುತು ಸಿಗಲಿಲ್ಲ. ಯಾರಿಗೂ ತಮ್ಮ ದನಿ ತಮಗೇ ಗುರುತಾಗುವುದಿಲ್ಲವಂತೆ. ಅಮ್ಮನಿಗೆ ಕೇಳಿಸಲು ಹೆದರಿದೆ. ಅವಳು ಮುಖ ತಿರುಗಿಸಿಕೊಂಡರೆ ಇಷ್ಟೆಲ್ಲ ಯಾಕೆ ಮಾಡಿದೆವು ಎಂದಾಗುತ್ತಿತ್ತು. ಆಪರೇಷನ್ ಆದಂದಿನಿಂದ ಅವಳು ನನ್ನ ಜೊತೆ ಕಿರುಚಿ ಮಾತಾಡುತ್ತಾಳೆ. ಮಾತು ಹೋದವರಿಗೆ ಕಿವಿಯೂ ಹೋಗಿರುತ್ತದೆಂದು ಅವಳ ಲೆಕ್ಕ. ನಾನು ಚೀಟಿ ಬರೆಯುತ್ತೇನೆ, ಅವಳು ಕನ್ನಡಕ ಹುಡುಕುತ್ತಾಳೆ, ಕೊನೆಗೆ ಇಬ್ಬರೂ ಸುಮ್ಮನಾಗುತ್ತೇವೆ. ಮನೆ ಹಾಗೆ ಯಾವತ್ತೂ ಇರಲಿಲ್ಲ. ಜಗಳವಾಡಿಯಾದರೂ ಮಾತಾಡುತ್ತಿದ್ದೆವು.

ನಿನ್ನೆ ಭಾನುವಾರ ಅಮ್ಮ ಅಡುಗೆಮನೆಯಲ್ಲಿ ಕೋಳಿ ಸಾರು ಮಾಡುತ್ತಿದ್ದಳು. ನನ್ನ ಕೋಣೆಯಿಂದ ಅವಳ ಬೆನ್ನು ಕಾಣುತ್ತಿತ್ತು. ಡಾಕ್ಟರು ಬೇಡವೆಂದರೂ ಅವಳು ಬೊಗಸೆಗಟ್ಟಲೆ ಉಪ್ಪು ಹಾಕುವವಳೇ. ಡಬ್ಬಿಗೆ ಕೈ ಹಾಕಿದ್ದು ನೋಡಿ ನನಗೆ ರೇಗಿತು. ಏನೂ ಯೋಚಿಸದೆ ಟೈಪ್ ಮಾಡಿ ಗುಂಡಿ ಒತ್ತಿಬಿಟ್ಟೆ. ಮೇಜಿನ ಮೇಲಿನ ಸ್ಪೀಕರಿನಿಂದ ನಾನು ಹೇಳಿದೆ, ‘ಅಮ್ಮಾ, ಉಪ್ಪು ಸಾಕು.’

“ಸಾಕೋ ಬೇಕೋ ನಂಗೊತ್ತು. ಅಲ್ಲಿ ಕೂತ್ಕೊಂಡು ಯಜಮಾನಿಕೆ ಮಾಡ್ಬೇಡ,” ಎಂದಳು ಅಮ್ಮ. ತಿರುಗಿಯೂ ನೋಡಲಿಲ್ಲ, ಕಿರುಚಲೂ ಇಲ್ಲ. ಮೊದಲಿನ ಹಾಗೆಯೇ ಗೊಣಗಿದಳು.

ಆಮೇಲೆ ಸೌಟು ನಿಂತಿತು. ಬೆನ್ನು ಹಾಗೆಯೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳ ಕೈ ಮತ್ತೆ ಡಬ್ಬಿಗೆ ಹೋಯಿತು, ಒಂದು ಚಿಟಿಕೆ ಉಪ್ಪು ತೆಗೆದು, ನನಗೆ ಕಾಣುವಂತೆ ಎತ್ತಿ ಹಿಡಿದು, ಪಾತ್ರೆಗೆ ಹಾಕಿದಳು. ಉಪ್ಪು ಸಾಕು ಎಂದೆ. ಇನ್ನೊಂದು ಚಿಟಿಕೆ ಹಾಕಿದಳು. ಸಾಕಮ್ಮಾ ಎಂದೆ. ಮತ್ತೊಂದು ಹಾಕಿದಳು. ಹೀಗೆ ಎಷ್ಟು ಸಲವೋ, ನಾವಿಬ್ಬರೂ ಎಣಿಸಲಿಲ್ಲ.

ಸಾರು ನಾಲಿಗೆಗೆ ಇಡುವಂತಿರಲಿಲ್ಲ. ಇಬ್ಬರೂ ಕುಳಿತು ಪಾತ್ರೆ ಖಾಲಿಯಾಗುವವರೆಗೂ ಕುಡಿದೆವು.

ನಿಮ್ಮ,
ಜೋರ್ಕಾ